ಅಮ್ಮನ ಪಾತ್ರದಲ್ಲಿ ಜಸ್ಸಿ

ಕಳೆದ ಭಾನುವಾರ ಮಧ್ಯಾಹ್ನ ನಾನು ನನ್ನನ್ನೇ ತೆರೆಯ ಮೇಲೆ ನೋಡಿದೆ. ನನ್ನ ಪಾತ್ರ ಮಾಡಿದ್ದವನು ಹದಿನಾರು ವರ್ಷದ ಒಬ್ಬ ಸರ್ದಾರ್ ಹುಡುಗ. ತಲೆಗೆ ಪಗಡಿ, ಮೈಗೆ ನನ್ನದೇ ಹಸಿರು ಕಾಟನ್ ಸೀರೆ, ಕಾಲಿಗೆ ಚಕ್ರದ ಶೂ. ಕೈಯಲ್ಲಿ ಒಂದು ಪೆನ್ನು.

(ಆ ಸೀರೆಯನ್ನು ನಾನು ಇಪ್ಪತ್ತು ದಿನದಿಂದ ಹುಡುಕುತ್ತಿದ್ದೆ. ಇಸ್ತ್ರಿ ಭಯ್ಯಾನ ಮೇಲೆ ಅನುಮಾನಪಟ್ಟು ಎರಡು ವಾರ ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಪಾಪ, ಯಾಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.)

ಹದಿಹರೆಯದ ಮೂವರು ಗೆಳೆಯರು, ಒಂದಿಷ್ಟು ಹಾಡು, ಒಂದಿಷ್ಟು ರೋಲರ್ ಸ್ಕೇಟಿಂಗ್. ಇಪ್ಪತ್ತೆರಡು ನಿಮಿಷದ ಸಿನಿಮಾ. ಹೆಸರು ‘ಆಠ್ ಪಹಿಯೇ’, ಅಂದರೆ ಎಂಟು ಚಕ್ರ. ಇಂಥ ಸಿನಿಮಾ ಎಂದ ಮೇಲೆ ವಿಲನ್ ಒಬ್ಬರು ಇರಲೇಬೇಕಲ್ಲ? ಇದರಲ್ಲಿ ಅದು ನಾನು.

ಮೊದಲಿನಿಂದ ಹೇಳುತ್ತೇನೆ, ಕೇಳಿ.

ಹೊಸದಾಗಿ ಓದುತ್ತಿರುವವರಿಗೆ ಗೊತ್ತಿರಲಿ, ನಮ್ಮದು ದೆಹಲಿಯ ಪೀತಮ್‌ಪುರ. ತುಮಕೂರಿನವಳಾದ ನಾನು ಮದುವೆಯಾಗಿ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ನಮ್ಮನೆಯವರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಫೈಲುಗಳ ನಡುವೆ ಇದ್ದಾರೆ. ಮಗಳು ಧಾತ್ರಿಗೆ ಹದಿನಾರು, ಹನ್ನೊಂದನೇ ಕ್ಲಾಸು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಅರ್ಧ ಮಾತಾಡಲು ಬರುತ್ತದೆ, ಓದಲು ಮಾತ್ರ ಒಂದಕ್ಷರವೂ ಬರುವುದಿಲ್ಲ. ಹತ್ತು ವರ್ಷದಿಂದ ಈ ಅಂಕಣ ನಡೆಯುತ್ತಿರುವುದೇ ಆ ಧೈರ್ಯದ ಮೇಲೆ.

ದೆಹಲಿಯಲ್ಲಿರುವ ನಮ್ಮವರಿಗೆಲ್ಲ ಒಂದು ದುರಭ್ಯಾಸವಿದೆ. ಕನ್ನಡದಲ್ಲಿ ಆಡಿದ್ದು ಯಾರಿಗೂ ಕೇಳಿಸುವುದೇ ಇಲ್ಲ ಎಂದುಕೊಂಡಿರುತ್ತೇವೆ. ಮೆಟ್ರೋದಲ್ಲಿ ಎದುರು ಕೂತವರ ಲಿಪ್‌ಸ್ಟಿಕ್ಕನ್ನು ಅವರೆದುರೇ ಆಡಿಕೊಳ್ಳುತ್ತೇವೆ. ತರಕಾರಿ ಗಾಡಿಯ ಮುಂದೆ ನಿಂತು, ‘ಇವನ ಹತ್ರ ಬೇಡ, ಬೆಂಡೆಕಾಯಿ ಬಲಿತುಹೋಗಿದೆ’ ಎಂದು ಗಾಡಿಯವನ ಮುಖ ನೋಡಿಕೊಂಡೇ ಹೇಳುತ್ತೇವೆ. ಪಕ್ಕದ ಮನೆಯ ಶರ್ಮಾ ದಂಪತಿ ಬಂದಾಗ ಬಿಸ್ಕತ್ತಿನ ತಟ್ಟೆ ಮುಂದೆ ಮಾಡುತ್ತಾ, ‘ಇವರು ಯಾವಾಗ ಏಳ್ತಾರಂತೆ?’ ಎಂದು ಗಂಡನನ್ನು ನಗುನಗುತ್ತಾ ಕೇಳಿದವಳು ನಾನು. ಇಂಥವಳು ಮಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೆದರುತ್ತಾಳಾ?

ಬರೆದೆ. ಅವಳು ಗಣಿತದ ಪೇಪರನ್ನು ಕೂಲರಿನ ಹಿಂದೆ ಬಚ್ಚಿಟ್ಟದ್ದು ಬರೆದೆ. ಏಳನೇ ಕ್ಲಾಸಿನಲ್ಲಿ ತನ್ನ ಹುಬ್ಬನ್ನು ತಾನೇ ಕತ್ತರಿಸಿಕೊಂಡು ವಾರವಿಡೀ ಹಣೆಗೆ ಬ್ಯಾಂಡೇಜ್ ಹಾಕಿಕೊಂಡು ಓಡಾಡಿದ್ದು ಬರೆದೆ. ನೀವೂ ಓದಿ ನಕ್ಕಿರಿ. ‘ಮೇಡಂ, ಮಗಳ ಬಗ್ಗೆ ಇನ್ನೂ ಬರೀರಿ’ ಎಂದು ಮೇಲ್ ಹಾಕಿದಿರಿ. ಆದ್ದರಿಂದ ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಏಪ್ರಿಲ್‌ನಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. ಶಾಲೆಯ ಬ್ಯಾಂಡಿಗೆ ಹಾಡುವವರನ್ನು ಆರಿಸುವ ದಿನ. ಮ್ಯೂಸಿಕ್ ರೂಮಿನಲ್ಲಿ ಟೀಚರ್ ಒಬ್ಬರೇ ಇದ್ದರು. ಧಾತ್ರಿ ಎರಡು ಸಾಲು ಹಾಡಿದಳು, ಮೂರನೆಯ ಸಾಲು ಮರೆತೇಹೋಯಿತು. ‘ಪರವಾಗಿಲ್ಲ, ಮತ್ತೆ ಶುರು ಮಾಡು’ ಎಂದು ಟೀಚರ್ ಹೇಳುವಷ್ಟರಲ್ಲಿ ಹುಡುಗಿ ಓಡಿಹೋಗಿದ್ದಳು. ಎರಡು ಪೀರಿಯಡ್ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಳು. ಗೆಳೆಯರ ಹತ್ತಿರ, ತನಗೆ ಹೊಟ್ಟೆನೋವು, ಆಡಿಷನ್‌ಗೆ ಹೋಗಲೇ ಇಲ್ಲ ಎಂದಳು. ನಿಜ ಹೇಳಿದ್ದು ನನಗೊಬ್ಬಳಿಗೆ. ಸಂಜೆ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಬಿಕ್ಕಿ ಬಿಕ್ಕಿ ಅಳುತ್ತಾ.

‘ಯಾರ್ಗೂ ಹೇಳ್ಬೇಡ ಅಮ್ಮಾ. ಜಸ್ಸಿ, ಝೋಯಾಗೆ ತೋ ಬಿಲ್ಕುಲ್ ಬೇಡ.’

‘ನಾನ್ಯಾರಿಗೆ ಹೇಳ್ಲಿ ಪುಟ್ಟೀ?’ ಎಂದೆ.

ಬುಧವಾರ ಬಂತು. ಅಂಕಣ ಕಳಿಸುವ ದಿನ. ತಲೆಯಲ್ಲಿ ವಿಷಯ ಒಂದೂ ಇಲ್ಲ. ಹೇಳಿದೆ. ನಿಮಗೆಲ್ಲ ಹೇಳಿದೆ. ಅದೂ ಹೇಗೆ? ಒಗ್ಗರಣೆ ಹಾಕಿ, ‘ಚಿಲಕದ ಹಿಂದಿನ ಗಾಯಕಿ’ ಎಂದು ತಲೆಬರಹ ಕೊಟ್ಟು. ಈ ವರ್ಷ ಅತಿ ಹೆಚ್ಚು ಮೆಚ್ಚುಗೆ ಬಂದದ್ದು ಅದಕ್ಕೇ.

ಅದಾದ ಮೇಲೆ ಮಗಳು ಮಾತು ನಿಲ್ಲಿಸಿದಳು. ಜಗಳವಿಲ್ಲ, ಬಾಗಿಲು ಬಡಿಯುವುದಿಲ್ಲ. ಕೇಳಿದ್ದಕ್ಕೆ ಉತ್ತರವೂ ಬರುತ್ತದೆ.

‘ಸ್ಕೂಲ್ ಹೇಗಿತ್ತೇ?’

‘ಠೀಕ್.’

‘ಯಾಕೆ ಮುಖ ಹೀಗಿದೆ?’

‘ಕುಛ್ ನಹೀಂ.’

ಮೊದಲೆಲ್ಲ ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಟೀಚರಿನ ದುಪಟ್ಟಾ ಯಾವ ಬಾಗಿಲಿಗೆ ಸಿಕ್ಕಿಕೊಂಡಿತು, ಎಲ್ಲವೂ ನನಗೆ ತಿಳಿಯುತ್ತಿತ್ತು. ಈಗ ‘ಕುಛ್ ನಹೀಂ’ ಒಂದೇ. ಮೂರು ತಿಂಗಳು. ನನಗೆ ಒಳಗೊಳಗೇ ಸಂಕಟ. ನಮ್ಮನೆಯವರನ್ನು ಕೇಳಿದರೆ, ‘ವಯಸ್ಸು ಕಣೇ, ಬಿಡು’ ಎಂದರು. ಬಿಟ್ಟೆನಾ? ಎಲ್ಲಿ ಬಿಡುತ್ತೇನೆ! ಹದಿಹರೆಯದವರ ಮೌನಕ್ಕೆ ಹಾರ್ಮೋನು ಕಾರಣ ಎಂದು ಜೂನ್‌ನಲ್ಲಿ ಇನ್ನೊಂದು ಅಂಕಣ ಬರೆದೆ. ತಾಯಂದಿರಿಗೆ ನಾಲ್ಕು ಸಲಹೆ ಬೇರೆ ಕೊಟ್ಟೆ. (ಯಾರಾದರೂ ಅವುಗಳನ್ನು ಪಾಲಿಸುತ್ತಿದ್ದರೆ ದಯವಿಟ್ಟು ಈಗಲೇ ನಿಲ್ಲಿಸಿ.)

ಅಷ್ಟರಲ್ಲಿ ಬೇಸಿಗೆ ರಜೆ ಬಂದಿತ್ತು. ಇಲ್ಲಿನ ಶಾಲೆಗಳಲ್ಲಿ ರಜೆ ಎಂದರೆ ರಜೆಯಲ್ಲ, ಹಾಲಿಡೇ ಹೋಮ್‌ವರ್ಕ್. ಚಿಕ್ಕ ಕ್ಲಾಸುಗಳಲ್ಲಿ ಅದನ್ನು ಅಮ್ಮಂದಿರು ಮಾಡುತ್ತಾರೆ. ನಾನೇ ಥರ್ಮಾಕೋಲಿನಲ್ಲಿ ಎರಡು ಜ್ವಾಲಾಮುಖಿ, ಒಂದು ಸಂಸತ್ ಭವನ ಕಟ್ಟಿದ್ದೇನೆ. ಸಂಸತ್ ಭವನಕ್ಕೆ ‘ಗುಡ್’ ಸಿಕ್ಕಿತ್ತು. ಈ ಸಲ ಮೂರು ಮೂರು ಜನ ಸೇರಿ ಮೊಬೈಲಿನಲ್ಲೇ ಒಂದು ಶಾರ್ಟ್ ಫಿಲ್ಮ್ ಮಾಡಬೇಕಿತ್ತು. ವಿಷಯ: ನಿಮ್ಮ ಸುತ್ತಮುತ್ತಲಿನ ಒಂದು ಸಾಮಾಜಿಕ ಸಮಸ್ಯೆ.

ಧಾತ್ರಿಯ ಗುಂಪಿನಲ್ಲಿ ಇನ್ನಿಬ್ಬರು. ಒಬ್ಬ ಜಸ್ಸಿ. ನಮ್ಮ ಹಿಂದಿನ ಬೀದಿಯವನು, ಗಿಟಾರ್ ಬಾರಿಸುತ್ತಾನೆ, ನಮ್ಮನೆಯ ಉಪ್ಪಿಟ್ಟನ್ನು ಪ್ರೀತಿಯಿಂದ ತಿನ್ನುವ ಏಕೈಕ ಪಂಜಾಬಿ. ಇನ್ನೊಬ್ಬಳು ಝೋಯಾ. ಕಳೆದ ವರ್ಷವಷ್ಟೇ ಈ ಶಾಲೆಗೆ ಸೇರಿದವಳು. ಕೀಬೋರ್ಡ್ ನುಡಿಸುತ್ತಾಳೆ, ಸ್ಕೇಟಿಂಗಿನಲ್ಲಿ ಮೂವರಿಗೂ ಗುರು ಅವಳೇ. ಅವಳ ಅಪ್ಪ ಲಖನೌದವರು, ಅಮ್ಮ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಾರೆ. ಅಮ್ಮನೂ ಲಖನೌದವರೇ ಎಂದುಕೊಂಡಿದ್ದೆ. ಯಾರು ಹೇಳಿದ್ದರು? ಯಾರೂ ಇಲ್ಲ. ನಾನು ಕೇಳಿಯೂ ಇರಲಿಲ್ಲ.

ಮೂವರೂ ನಮ್ಮನೆಯಲ್ಲಿ ಕೂತು ಗುಸುಗುಸು ಮಾಡುತ್ತಿದ್ದಾಗ ನಾನು ನಿಂಬೆ ಪಾನಕದ ಜೊತೆ ವಿಷಯಗಳನ್ನೂ ಒಯ್ದೆ. ‘ಯಮುನೆಯ ನೊರೆ ಮಾಡಿ. ಹೊಗೆ ಮಾಡಿ. ಕಸ ಮಾಡಿ. ಬೇಕಾದರೆ ನಾನೇ ಸ್ಕ್ರಿಪ್ಟ್ ಬರೆದುಕೊಡ್ತೀನಿ.’

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ನಹೀಂ ಆಂಟಿಜೀ,’ ಎಂದ ಜಸ್ಸಿ, ನೆಲ ನೋಡುತ್ತಾ. ‘ಹಮೇಂ ಹಮಾರೀ ಪ್ರಾಬ್ಲಮ್ ಮಿಲ್ ಗಯೀ ಹೈ.’

ಸಮಸ್ಯೆ ಸಿಕ್ಕಿದೆಯಂತೆ. ಅದು ಕೈಯಲ್ಲಿ ಪಾನಕದ ಟ್ರೇ ಹಿಡಿದು ಎದುರಿಗೇ ನಿಂತಿದೆ ಎಂದು ನನಗೇನು ಗೊತ್ತು?

ಶೂಟಿಂಗ್ ನಡೆದದ್ದು ಮನೆಯ ಹತ್ತಿರದ ಪಾರ್ಕಿನ ಸ್ಕೇಟಿಂಗ್ ರಿಂಕಿನಲ್ಲಿ. ರಿಂಕ್ ಎಂದರೆ ದೊಡ್ಡದಾಗಿ ಏನೋ ಕಲ್ಪಿಸಿಕೊಳ್ಳಬೇಡಿ. ಸುತ್ತ ಕಬ್ಬಿಣದ ಕಂಬಿ ಹಾಕಿದ ಸಿಮೆಂಟಿನ ಅಂಗಳ. ಎಂಟು ಗಂಟೆಯ ಹೊತ್ತಿಗೆ ಅದರ ಮೇಲೆ ದೋಸೆ ಹುಯ್ಯಬಹುದು, ಅಂಥ ಬಿಸಿಲು. ಹಾಗಾಗಿ ಬೆಳಿಗ್ಗೆ ಐದೂವರೆಗೇ ಎದ್ದು ಹೋಗುತ್ತಿದ್ದರು. ಪರೀಕ್ಷೆಯ ದಿನ ಮುಖಕ್ಕೆ ನೀರು ಚಿಮುಕಿಸಿದರೂ ಏಳದ ಹುಡುಗಿ!

ನನಗೆ ಪಾರ್ಕಿನೊಳಗೆ ಪ್ರವೇಶವಿರಲಿಲ್ಲ. ಒಂದು ದಿನ ತಡೆಯಲಾರದೆ ಮೊಸರನ್ನದ ಡಬ್ಬಿ ಹಿಡಿದು ಬೇವಿನ ಮರದ ಮರೆಯಲ್ಲಿ ನಿಂತೆ. ಗಿಟಾರ್ ಕೇಳುತ್ತಿತ್ತು. ಚಕ್ರಗಳು ಗರಗರ ಎನ್ನುತ್ತಿದ್ದವು. ನನ್ನ ಮಗಳು ನಗುತ್ತಿದ್ದಳು, ಬಾಯಿ ತುಂಬ, ಮೊದಲಿನ ಹಾಗೆ. ಎಷ್ಟೋ ದಿನದ ಮೇಲೆ ಆ ನಗು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ‘ಆಂಟಿಜೀ ಆ ಗಯೀಂ!’ ಎಂದು ಜಸ್ಸಿ ಕೂಗಿದ. ಏನೋ ಹಸಿರು ಬಟ್ಟೆ ಸರಕ್ಕನೆ ಬ್ಯಾಗಿನೊಳಗೆ ಹೋಯಿತು. ನಗು ನಿಂತಿತು. ಧಾತ್ರಿ ಬಂದು ಡಬ್ಬಿ ತೆಗೆದುಕೊಂಡು, ‘ಥ್ಯಾಂಕ್ಸ್ ಅಮ್ಮಾ. ಈಗ ಹೋಗು’ ಎಂದಳು.

ಸ್ಕೂಲಿಗೆ ಒಪ್ಪಿಸುವ ಮುಂಚೆ ಮನೆಯವರಿಗೆ ತೋರಿಸುತ್ತೇವೆ ಎಂದರು. ಕಳೆದ ಭಾನುವಾರ, ನಾಲ್ಕು ಗಂಟೆಗೆ, ಝೋಯಾಳ ಮನೆಯಲ್ಲಿ. ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಕರ್ಟನ್ ಎಳೆದು, ಗೋಡೆಗೆ ಬಿಳಿ ಚಾದರ ಕಟ್ಟಿ, ಎಲ್ಲಿಂದಲೋ ಪ್ರೊಜೆಕ್ಟರ್ ತಂದಿಟ್ಟಿದ್ದರು. ಜಸ್ಸಿಯ ಅಪ್ಪ ಅಮ್ಮ ಬಂದಿದ್ದರು. ಝೋಯಾಳ ಅಮ್ಮ ಎಲ್ಲರಿಗೂ ಶರಬತ್ತು ಕೊಟ್ಟರು. ಮೂಲೆಯ ಆರಾಮಕುರ್ಚಿಯಲ್ಲಿ ಝೋಯಾಳ ನಾನಿ, ಅಂದರೆ ತಾಯಿಯ ತಾಯಿ. ಬಿಳಿ ದುಪಟ್ಟಾ, ದಪ್ಪ ಕನ್ನಡಕ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಾರ್ಚ್‌ನಲ್ಲಿ ಬಂದವರು ಮೊಮ್ಮಗಳು ಬಿಡದೆ ಇಲ್ಲೇ ಉಳಿದಿದ್ದರು.

ನಾನು ಅವರಿಗೆ ಕೈಮುಗಿದೆ. ಅವರೂ ಮುಗಿದರು. ಕೂತ ಮೇಲೆ ನಮ್ಮನೆಯವರ ಕಡೆ ವಾಲಿ, ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು, ‘ಅಜ್ಜಿ ಐದು ನಿಮಿಷದಲ್ಲಿ ಗೊರಕೆ ಹೊಡೀತಾರೆ ನೋಡಿ’ ಎಂದೆ. ನಾನಿ ನನ್ನನ್ನು ನೋಡಿ ಮುಗುಳ್ನಕ್ಕರು.

ಫಿಲ್ಮ್ ಶುರುವಾಯಿತು.

ಒಬ್ಬ ಹುಡುಗಿ. ಅವಳ ಇಬ್ಬರು ಗೆಳೆಯರು. ಮೂವರೂ ಸ್ಕೇಟಿಂಗ್ ಕಲಿಯುತ್ತಾರೆ. ಹುಡುಗಿ ಬೀಳುತ್ತಾಳೆ. ಬಿದ್ದ ಕೂಡಲೇ ಹಿನ್ನೆಲೆಯಲ್ಲಿ ಕೀಬೋರ್ಡ್ ‘ಢಂ ಢಂ’ ಎನ್ನುತ್ತದೆ, ಹಸಿರು ಸೀರೆಯುಟ್ಟ ಒಬ್ಬ ಅಮ್ಮ ಚಕ್ರಗಳ ಮೇಲೆ ಜರ್‍ರನೆ ಜಾರಿಬರುತ್ತಾಳೆ. ಕೈಯಲ್ಲಿ ಮುಲಾಮು ಇರಬಹುದೇ? ಇಲ್ಲ. ಪೆನ್ನು, ನೋಟ್‌ಬುಕ್ಕು.

‘ಬಿದ್ಯಾ? ಹೇಗೆ ಬಿದ್ದೆ? ಮೊದಲು ಯಾವ ಕಾಲು? ಯಾರ್ ಯಾರ್ ನೋಡಿದ್ರು? ನಿಧಾನವಾಗಿ ಹೇಳು, ಬರ್ಕೋತೀನಿ!’

ಜಸ್ಸಿಯ ಬಾಯಲ್ಲಿ ಈ ಕನ್ನಡ! ನನ್ನದೇ ರಾಗ, ನನ್ನದೇ ಕತ್ತು ವಾಲಿಸುವ ರೀತಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ‘ಅಯ್ಯೋ, ಈ ಹೆಂಗಸು ಯಾರೇ?’ ಎಂದು ಕಣ್ಣೊರೆಸಿಕೊಂಡೆ. ನಮ್ಮನೆಯವರು ನಗದೆ ನನ್ನ ಕಡೆ ನೋಡಿದರು. ಆಗ ಸೀರೆ ಗುರುತು ಸಿಕ್ಕಿತು.

(ಅಪ್ಪನ ಪಾತ್ರಕ್ಕೆ ಅವರು ಯಾರನ್ನೂ ಹಾಕಿಕೊಂಡಿರಲಿಲ್ಲ. ಸೋಫಾದ ಮೇಲೆ ಒಂದು ಮೊಬೈಲನ್ನು ಚಾರ್ಜಿಗೆ ಹಾಕಿಟ್ಟಿದ್ದರು. ಹುಡುಗಿ ಏನು ಕೇಳಿದರೂ ಅದರ ಲೈಟ್ ಹತ್ತಿ, ‘ಹ್ಞೂಂ, ನಿಮ್ಮಮ್ಮನ್ನ ಕೇಳು’ ಎನ್ನುತ್ತಿತ್ತು. ಇದನ್ನು ಹೇಳದೆ ಬಿಟ್ಟರೆ ನನಗೆ ಅನ್ಯಾಯವಾಗುತ್ತದೆ.)

ಹುಡುಗಿ ಅಳುತ್ತಾಳೆ, ಅಮ್ಮ ಬರುತ್ತಾಳೆ, ಬರೆದುಕೊಳ್ಳುತ್ತಾಳೆ. ಹುಡುಗಿ ಪೇಪರ್ ಬಚ್ಚಿಡುತ್ತಾಳೆ, ಕೂಲರಿನ ಹಿಂದಿನಿಂದ ಅಮ್ಮ ಎದ್ದುಬರುತ್ತಾಳೆ, ಬರೆದುಕೊಳ್ಳುತ್ತಾಳೆ. ಕೂಲರ್! ಕೂಲರಿನ ಕಥೆ ಇವರಿಗೆ ಹೇಗೆ ಗೊತ್ತು? ಅದನ್ನು ನಾನು ಬರೆದದ್ದು ಕನ್ನಡದಲ್ಲಲ್ಲವೇ?

ಮುಂದಿನ ದೃಶ್ಯದಲ್ಲಿ ತೆರೆಯ ಮೇಲೆ ನಾನಿ ಬಂದರು.

ಅದೇ ಆರಾಮಕುರ್ಚಿ, ಅದೇ ಬಿಳಿ ದುಪಟ್ಟಾ. ಕಾಲ ಬಳಿ ಮೂವರು ಮಕ್ಕಳು ಕೂತಿದ್ದಾರೆ. ಜಸ್ಸಿ ಈಗ ಸೀರೆಯಿಲ್ಲದೆ ಜಸ್ಸಿಯೇ ಆಗಿದ್ದಾನೆ. ‘ನಾನಿ, ಪಢಿಯೇ ನಾ,’ ಎನ್ನುತ್ತಾಳೆ ಧಾತ್ರಿ, ‘ಮೇರೀ ಮಮ್ಮಿ ರೈಟರ್ ಹೈಂ.’ ಆ ಮುಖದಲ್ಲಿ ಎಂಥ ಹೆಮ್ಮೆ ಅಂತೀರಿ! ನಾನಿ ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದು ಓದತೊಡಗುತ್ತಾರೆ. ಕನ್ನಡದಲ್ಲಿ. ಒಂದು ಒತ್ತಕ್ಷರವೂ ಜಾರದ, ಶಾಲೆಯಲ್ಲಿ ಪಾಠ ಓದಿಸುವಂಥ ಕನ್ನಡದಲ್ಲಿ.

‘ಚಿಲಕದ ಹಿಂದಿನ ಗಾಯಕಿ.’

ನನ್ನ ತಲೆಬರಹ. ಆಮೇಲೆ ನನ್ನ ಸಾಲುಗಳು, ಒಂದೊಂದಾಗಿ. ಝೋಯಾ ಮೆಲ್ಲಗೆ ಜಸ್ಸಿಗೆ ಹಿಂದಿಯಲ್ಲಿ ಹೇಳುತ್ತಾ ಹೋಗುತ್ತಾಳೆ, ಮಧ್ಯದಲ್ಲಿ ತಟ್ಟನೆ ಸುಮ್ಮನಾಗುತ್ತಾಳೆ. ಓದುತ್ತಿದ್ದ ನಾನಿಗೂ ಈಗ ಇದು ಯಾರ ಕಥೆ ಎಂದು ಹೊಳೆದಿದೆ. ಅವರೂ ನಿಲ್ಲಿಸುತ್ತಾರೆ. ಏನೂ ಅರ್ಥವಾಗದ ಜಸ್ಸಿ ಒಬ್ಬನೇ, ‘ಆಗೇ ಕ್ಯಾ ಹುಆ?’ ಎಂದು ನಗುನಗುತ್ತಾ ಕೇಳುತ್ತಾನೆ.

ಮುಂದೇನಾಯಿತು? ಹೇಳುವವರು ಯಾರು?

ಧಾತ್ರಿಯೇ ಹೇಳುತ್ತಾಳೆ. ನಾನು ಬರೆದದ್ದನ್ನು ಅವಳೇ ಹಿಂದಿ ಮಾಡಿ ಅವನಿಗೆ ಹೇಳುತ್ತಾಳೆ. ಹೊಟ್ಟೆನೋವು ಸುಳ್ಳು, ಹಾಡು ಮರೆತದ್ದು ನಿಜ, ಎರಡು ಪೀರಿಯಡ್ ಬಚ್ಚಿಟ್ಟುಕೊಂಡದ್ದು ನಿಜ. ಧ್ವನಿ ನಡುಗುವುದಿಲ್ಲ. ಬೆರಳುಗಳು ಮಾತ್ರ ಸಾಕ್ಸಿನ ದಾರ ಎಳೆಯುತ್ತಿರುತ್ತವೆ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇದು ಕಟ್ಟುಕಥೆಯಲ್ಲ, ಏಪ್ರಿಲ್‌ನ ಒಂದು ಭಾನುವಾರ ಇದೇ ಕೋಣೆಯಲ್ಲಿ ನಡೆದದ್ದನ್ನೇ ಮತ್ತೆ ಆಡಿ ತೋರಿಸಿದ್ದರು. ನನ್ನ ಮಗಳು ಅಮ್ಮನ ಬರಹ ಕೇಳಿಸಲೆಂದು ಗೆಳೆಯರನ್ನು ತಾನೇ ಕರೆತಂದಿದ್ದಳು.

ಆಮೇಲೆ ಫಿಲ್ಮಿನಲ್ಲಿ ಮಾತಿಲ್ಲ. ಹುಡುಗಿ ರಿಂಕಿನಲ್ಲಿ ಒಬ್ಬಳೇ ಸುತ್ತುತ್ತಾಳೆ. ಅದೇ ಹಾಡನ್ನು ಹಾಡುತ್ತಾಳೆ, ಎರಡು ಸಾಲು. ಮೂರನೆಯ ಸಾಲು ಬರುವಲ್ಲಿ ಗಿಟಾರ್ ಹಿಡಿದ ಜಸ್ಸಿ ‘ಲಾ ಲಾ ಲಾ’ ಎಂದು ಕೆಟ್ಟದಾಗಿ ಎಳೆಯುತ್ತಾನೆ. ಝೋಯಾ ಅವಳ ಕೈಹಿಡಿದು ಜೊತೆಗೆ ಉರುಳುತ್ತಾ ತಾನೂ ‘ಲಾ ಲಾ ಲಾ’ ಎನ್ನುತ್ತಾಳೆ. ಮೂವರೂ ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಮರೆತ ಸಾಲೇ ಹಾಡಿನ ಅತ್ಯಂತ ಚೆನ್ನಾದ ಸಾಲಾಗಿತ್ತು. ಕೊನೆಯ ಶಾಟ್‌ನಲ್ಲಿ ಹಸಿರು ಸೀರೆಯ ಅಮ್ಮ ಒಬ್ಬಳೇ ಕಂಬಿಯಾಚೆ ನಿಂತು ಬರೆದುಕೊಳ್ಳುತ್ತಲೇ ಇರುತ್ತಾಳೆ. ಮುಗಿಯಿತು.

ಕರ್ಟನ್ ಸರಿಸಿದರು. ಜಸ್ಸಿಯ ಅಪ್ಪ ಅಮ್ಮ ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ಅದೊಂದು ತಮಾಷೆಯ ಸಿನಿಮಾ. ನಾನು ತಟ್ಟಲೋ ಬೇಡವೋ ಎಂದು ಕೈ ಗಾಳಿಯಲ್ಲಿ ಹಿಡಿದು ಕೂತಿದ್ದೆ.

ಆಗ ನಾನಿ ಬಾಯಿ ತೆರೆದರು.

‘ಭಾಳ ಛಲೋ ಬರೀತಿ ತಂಗಿ. ನಾ ವಾರ ವಾರ ತಪ್ಪದ ಓದತೀನಿ.’

ಅವರು ಹುಬ್ಬಳ್ಳಿಯವರು. ಅಲ್ಲಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಅಕ್ಕೋರು.

‘ಆದರ ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ. ಹುಡುಗಿ ನಿನ್ನ ತೊಡಿ ಮ್ಯಾಲೆ ತಲಿ ಇಟ್ಟು ಅತ್ತಿದ್ದು ನಿನಗ ಹೇಳಲಿಕ್ಕೋ, ಊರಿಗೆಲ್ಲಾ ಡಂಗುರ ಹೊಡೀಲಿಕ್ಕೋ?’

‘ಅಕ್ಕೋರೇ...’ ಎಂದೆ.

‘ಮತ್ತ, ನಾ ಗೊರಕಿ ಹೊಡೀಲಿಲ್ಲ ನೋಡವಾ,’ ಎಂದು ಸೇರಿಸಿದರು.

ನಮ್ಮನೆಯವರು ಶರಬತ್ತಿನ ಲೋಟದೊಳಗೆ ಮುಖ ಹುದುಗಿಸಿಕೊಂಡರು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ನಿಧಾನವಾಗಿ ಅವರು ಏನನ್ನೂ ಕುಡಿದದ್ದನ್ನು ನಾನು ನೋಡಿಲ್ಲ.

ಇಂಥ ಹೊತ್ತಿನಲ್ಲಿ ಒಳ್ಳೆಯ ತಾಯಿಯಾದವಳು ಏನು ಮಾಡಬೇಕು? ಎದ್ದು ಹೋಗಿ ಮಗಳನ್ನು ತಬ್ಬಿಕೊಳ್ಳಬೇಕು. ನಾನೇನು ಮಾಡಿದೆ ಗೊತ್ತೇ? ಮಗಳನ್ನು ಬಾಲ್ಕನಿಗೆ ಎಳೆದೊಯ್ದು, ‘ಇದನ್ನ ಸ್ಕೂಲಲ್ಲಿ ತೋರಿಸ್ತೀರೇನೇ? ಎಲ್ಲಾ ಪೇರೆಂಟ್ಸೂ ನೋಡ್ತಾರೆ! ನನ್ನ ಮರ್ಯಾದೆ ಏನಾಗಬೇಕು?’ ಎಂದೆ.

ಧಾತ್ರಿ ನನ್ನನ್ನೇ ನೋಡಿ ಕೇಳಿದಳು. ‘ಸ್ಕೂಲಲ್ಲಿ ಇನ್ನೂರು ಜನ ನೋಡ್ತಾರೆ. ನಿನ್ನ ಪೇಪರ್ ಎಷ್ಟು ಜನ ಓದ್ತಾರೆ ಅಮ್ಮಾ?’

ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

‘ನೀನು ಬೇಡ ಅಂದ್ರೆ ಡಿಲೀಟ್ ಮಾಡ್ತೀವಿ. ಮೂರು ಜನಾನೂ ಡಿಸೈಡ್ ಮಾಡಿದೀವಿ. ಅದಕ್ಕೇ ಪಹಲೇ ನಿನಗೆ ತೋರಿಸಿದ್ದು. ನಾನು ಕೇಳ್ತಿದ್ದೀನಿ ನಾ? ತುಮ್ನೇ ಪೂಛಾ ಥಾ?’

ನೀನು ಕೇಳಿದ್ದೆಯಾ? ಇಲ್ಲ. ಹತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಕೇಳಿರಲಿಲ್ಲ. ಓದಲು ಬಾರದವಳನ್ನು ಏನು ಕೇಳುವುದು ಎಂದುಕೊಂಡಿದ್ದೆ. ಅವಳಿಗೆ ಅಕ್ಷರ ಬರುವುದಿಲ್ಲ, ನಿಜ. ನಾಚಿಕೆ, ನೋವು, ಮಾನ, ಇವೆಲ್ಲ ಬರುತ್ತವೆ ಎಂಬುದನ್ನು ನಾನೇ ಮರೆತಿದ್ದೆ. ಈ ಹುಡುಗಿ ಇನ್ನು ಮುಂದೆ ನನಗೆ ಏನನ್ನೂ ಹೇಳುವುದಿಲ್ಲ ಎಂಬ ಹೆದರಿಕೆ ಇದೆಯಲ್ಲ, ಅದರ ಮುಂದೆ ಯಾವ ಮರ್ಯಾದೆಯೂ ಇಲ್ಲ.

‘ತಪ್ಪಾಯ್ತು ಕಣೇ,’ ಎಂದೆ. ‘ತೋರಿಸು. ಸ್ಕೂಲಿಗೆಲ್ಲ ತೋರಿಸು.’

‘ಪಕ್ಕಾ?’

‘ಪಕ್ಕಾ. ಆ ಸೀರೆ ಮಾತ್ರ ವಾಪಸ್ ಕೊಡೋಕೆ ಹೇಳು.’

ಅವಳು ನಗಲಿಲ್ಲ. ನಗುತ್ತಾಳೆ ಎಂದುಕೊಂಡಿದ್ದೆ. ‘ತಪ್ಪಾಯ್ತು’ ಎಂದ ಮಾತ್ರಕ್ಕೆ ಮೂರು ತಿಂಗಳು ಅಳಿಸಿಹೋಗುತ್ತದೆಯೇ?

ಸೋಮವಾರ ಶಾಲೆಯಲ್ಲಿ ತೋರಿಸಿದರು. ಪೇರೆಂಟ್ಸನ್ನೂ ಕರೆದಿದ್ದರು. ಹೋದೆ. ಕೊನೆಯ ಸಾಲಿನಲ್ಲಿ ದುಪಟ್ಟಾ ಮುಖದವರೆಗೆ ಎಳೆದುಕೊಂಡು ಕೂತೆ. ಹೊರಗೆ ಬರುವಾಗ ಯಾರೋ ಒಬ್ಬ ತಾಯಿ ತಡೆದು, ‘ಆಪ್ ಹೀ ಹೈಂ ನಾ, ಪೆನ್‌ವಾಲೀ ಮಮ್ಮಿ?’ ಎಂದರು. ಹೌದು ಎಂದೆ. ಅವರು ಕೈ ಕುಲುಕಿ, ತಾವು ಮಗನ ಫೋಟೋ ಕೇಳದೆ ಇನ್‌ಸ್ಟಾಗ್ರಾಂಗೆ ಹಾಕುವುದನ್ನು ಇವತ್ತಿನಿಂದ ಬಿಡುತ್ತೇನೆ ಎಂದರು. ಒಬ್ಬರಿಗಾದರೂ ಉಪಕಾರವಾಯಿತಲ್ಲ.

ಅವತ್ತು ಸಂಜೆ ನಾನೇ ಧಾತ್ರಿಯ ಕೋಣೆಯ ಬಾಗಿಲು ತಟ್ಟಿದೆ. (ತಟ್ಟಿದೆ! ನೀವು ನಂಬಬೇಕು.) ಇನ್ನು ಮುಂದೆ ನಿನ್ನ ಬಗ್ಗೆ ಬರೆಯುವುದೇ ಇಲ್ಲ ಎಂದೆ. ಅವಳು ಯೋಚಿಸಿ, ‘ಈ ಫಿಲ್ಮ್ ಬಗ್ಗೆ ಬರಿ,’ ಎಂದಳು. ‘ಲೇಕಿನ್ ಕಳಿಸೋ ಮುಂಚೆ ನಂಗೆ ಓದಿ ಹೇಳ್ಬೇಕು. ನಂಗೆ ಬೇಡ ಅಂದಿದ್ದು ಕಟ್. ಔರ್ ನಿನ್ನದೂ ಒಂದು ವಿಷಯ ಪ್ರಿಂಟ್ ಆಗ್ಬೇಕು. ನೀನು ಯಾರ್ಗೂ ಹೇಳ್ದೇ ಇರೋದು.’

‘ನನ್ನದೇನಿದೆ?’ ಎಂದೆ.

‘ನಾಳೆ ರಿಂಕಿಗೆ ಬಾ. ಆಗುತ್ತೆ.’

ಆಯಿತು. ಮಂಗಳವಾರ ಸಂಜೆ ಝೋಯಾಳ ಅಮ್ಮನ ಸ್ಕೇಟ್ಸ್ ಕಟ್ಟಿಕೊಂಡು, ಮೊಣಕೈಗೆ ಮೊಣಕಾಲಿಗೆ ಪ್ಯಾಡ್ ಹಾಕಿಕೊಂಡು, ಚೂಡಿದಾರದಲ್ಲಿ ರಿಂಕಿಗೆ ಇಳಿದೆ. ಇಳಿದೆ ಎನ್ನುವುದು ದೊಡ್ಡ ಮಾತು. ಕಂಬಿ ಹಿಡಿದುಕೊಂಡೆ, ಬಿಡಲಿಲ್ಲ. ಎಡಗಾಲು ರೋಹಿಣಿ ಬಡಾವಣೆಯ ಕಡೆಗೂ ಬಲಗಾಲು ಶಾಲಿಮಾರ್ ಬಾಗಿನ ಕಡೆಗೂ ಹೊರಟವು. ‘ಅಯ್ಯಯ್ಯೋ ರಾಮಾ’ ಎಂದು ಕೂಗಿದ್ದು ಗೇಟಿನವರೆಗೆ ಕೇಳಿಸಿತಂತೆ. ಕೊನೆಗೆ ಧಪ್ಪನೆ ಕೂತೆ. ಎರಡು ಜಡೆಯ ಐದು ವರ್ಷದ ಒಂದು ಹುಡುಗಿ ಬಂದು, ‘ಆಂಟಿ, ರೋನಾ ಮತ್’ ಎಂದು ನನ್ನ ಬೆರಳು ಹಿಡಿದಳು. ಅಳುತ್ತಿದ್ದೆನಾ? ಹೌದು, ಸ್ವಲ್ಪ ಅಳುತ್ತಿದ್ದೆ. ಎಲ್ಲರೂ ನೋಡುತ್ತಿದ್ದರು. ಬಾತ್‌ರೂಮ್ ಎಲ್ಲಿದೆ ಎಂದು ನನ್ನ ಕಣ್ಣು ತಾನಾಗಿ ಹುಡುಕಿತು.

(ಇಲ್ಲಿ ಒಂದು ಪ್ಯಾರಾ ಇತ್ತು. ಚೆನ್ನಾಗಿತ್ತು. ಧಾತ್ರಿ ಕತ್ತರಿಸಿದಳು.)

ಮುಲಾಮು ಹಚ್ಚಿದವಳು ಅವಳೇ. ಹಚ್ಚುತ್ತಾ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಆಮೇಲೆ ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಮನೆಗೆ ಬರಲು ನಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲವಾದ್ದರಿಂದ ಇ-ರಿಕ್ಷಾ ಹತ್ತಿದೆವು. ಒಂದು ಕಡೆ ಮಾತ್ರ ಭಾರ ಹಾಕಿ ಓರೆಯಾಗಿ ಕೂತಿದ್ದೆ. ಮಾರ್ಕೆಟ್ ದಾಟಿದ ಮೇಲೆ ಅವಳು ರಸ್ತೆ ನೋಡುತ್ತಲೇ ಅಂದಳು.

‘ಅಮ್ಮಾ, ಒಂದ್ ವಿಷ್ಯ ಹೇಳ್ಲಾ?’

ನಾನು ‘ಹ್ಞೂಂ’ ಎಂದೆ, ಅಷ್ಟೇ.

ಹೇಳಿದಳು. ಮನೆ ಬಂತು, ಇನ್ನೂ ಮುಗಿದಿರಲಿಲ್ಲ. ಇ-ರಿಕ್ಷಾ ಭಯ್ಯಾನನ್ನು ಕಳಿಸಿ, ಮೆಟ್ಟಿಲ ಮೇಲೆ ಕೂತು ಉಳಿದದ್ದು ಹೇಳಿದಳು. ಒಂದು ಕಡೆ ನಾನು ನಕ್ಕೆ, ಒಂದು ಕಡೆ ಎದೆ ಹಿಂಡಿದ ಹಾಗಾಯಿತು. ಬುದ್ಧಿ ಹೇಳಲು ನಾಲಿಗೆ ತುದಿಯವರೆಗೆ ಬಂದದ್ದನ್ನು ಎರಡು ಸಲ ನುಂಗಿದೆ. ಎದ್ದು ನಿಂತಾಗ ಅವಳ ಮುಖ ಹಗುರವಾಗಿತ್ತು. ನನ್ನದೂ ಆಗಿದ್ದಿರಬೇಕು, ಬಾಗಿಲು ತೆರೆದ ನಮ್ಮನೆಯವರು ‘ಏನಾಯ್ತು?’ ಎಂದು ಇಬ್ಬರನ್ನೂ ಮಿಕಿಮಿಕಿ ನೋಡಿದರು.

ಬುಧವಾರ, ಅಂದರೆ ಇವತ್ತು, ಈ ಬರಹವನ್ನು ಅವಳಿಗೆ ಓದಿ ಹೇಳಿದೆ. ಇಲ್ಲಿಯವರೆಗೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿ, ನನ್ನ ಮುಖವನ್ನೇ ನೋಡಿದಳು. ಮುಂದೆ ಏನು ಬರೆದಿದ್ದೇನೆ ಎಂಬ ಭಯ ಆ ಕಣ್ಣಲ್ಲಿ ಇನ್ನೂ ಇತ್ತು. ಮುಂದಿನ ಎರಡು ಸಾಲು ಓದಿದೆ. ಕೇಳಿ, ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

ಮೆಟ್ಟಿಲ ಮೇಲೆ ಅವಳು ನನಗೆ ಏನು ಹೇಳಿದಳು ಎಂದು ನೀವೀಗ ಕೇಳುತ್ತೀರಿ, ನನಗೆ ಗೊತ್ತು.

ನಿಮಗ್ಯಾಕ್ರೀ ಅದೆಲ್ಲ?